ಅಪ್ಪ ಮಾಡಿದ ಮೇಜು



ನಿಮ್ಮ ಮನೆಯಲ್ಲಿ ಹಳೇ ಮೇಜು ಇದೆಯೇ? ಹಳೇ ಬೆಂಚು, ಸ್ಟೂಲು ಇದೆಯೇ? ಅದರ ಮೇಲೆಲ್ಲ ಕಲೆ ಆಗಿದೆಯೇ? ಸಿಬರು ಎದ್ದು ಕೈಗೆ ಚುಚ್ಚುತ್ತದೆಯೇ? "ಒಡೆದು ಸೌದೆಗೆ ಹಾಕೋಣ" ಅಂತ ಮನೆಯಲ್ಲಿ ಮಾತು ಬಂದಿದೆಯೇ?

ಸ್ವಲ್ಪ ತಡೆಯಿರಿ. ಮೊದಲು ಈ ಪಾಠ ಓದಿ. ಆಮೇಲೆ ತೀರ್ಮಾನ ಮಾಡಿ.

ಸೌದೆಗೆ ಹೊರಟ ಮೇಜು

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರು ಹೊಲಿಗೆ ಮಾಡಿ ಸಂಸಾರ ತೂಗಿಸುತ್ತಾರೆ. ಅವರ ಅಪ್ಪ ಮರಗೆಲಸದ ಆಚಾರ್ರು. ಮಗಳ ಮದುವೆಗೆ ಹಲಸಿನ ಮರದಲ್ಲಿ ಒಂದು ಮೇಜು ಮಾಡಿ ಕೊಟ್ಟಿದ್ದರು. ಅಪ್ಪ ಈಗಿಲ್ಲ. ಮೇಜು ಇದೆ.

ಅಕ್ಕ ಆ ಮೇಜಿನ ಮೇಲೆಯೇ ಬಟ್ಟೆ ಕತ್ತರಿಸುತ್ತಾರೆ. ಆದರೆ ಮೇಜಿನ ಮೈ ಹಾಳಾಗಿತ್ತು. ನೀರು ಚೆಲ್ಲಿದ ಕಡೆ ಬಿಳಿ ಕಲೆ. ಬಿಸಿ ಪಾತ್ರೆ ಇಟ್ಟ ಕಡೆ ದುಂಡಗೆ ಕಪ್ಪು ಕಲೆ. ಎರಡು ಹಲಗೆ ಕೂಡುವ ಕಡೆ ಬಿರುಕು. ಸಿಬರು ಎದ್ದು ರೇಷ್ಮೆ ಬಟ್ಟೆಯ ಎಳೆ ಕೀಳುತ್ತಿತ್ತು. ಒಂದು ದಿನ ಯಾರದೋ ಮದುವೆಯ ರವಿಕೆ ಬಟ್ಟೆ ಸಿಕ್ಕಿಕೊಂಡು ಹರಿಯಿತು. ಅಕ್ಕ ಕೈಯಿಂದ ದುಡ್ಡು ಕೊಡಬೇಕಾಯಿತು.

"ಇದನ್ನ ಒಡೆದು ಒಲೆಗೆ ಹಾಕವ್ವ. ಪ್ಲಾಸ್ಟಿಕ್ ಟೇಬಲ್ ತರೋಣ" ಅಂದ ಮಗ. ಅಕ್ಕ ಏನೂ ಹೇಳಲಿಲ್ಲ. ಮಾರನೇ ದಿನ ಕೇಂದ್ರಕ್ಕೆ ಬಂದು ಕೇಳಿದರು.

"ಪೇಟೆ ಹೋಟೆಲಿನಲ್ಲಿ ಗಾಜಿನ ಥರ ಹೊಳೆಯೋ ಮರದ ಮೇಜು ನೋಡಿದೆ ಟೀಚರ್. ಅದೇನು ಬಳಿದಿರ್ತಾರೆ? ನಮ್ಮ ಮೇಜಿಗೂ ಬಳೀಬಹುದಾ?"

ನಾವು ವಿಚಾರಿಸಿದೆವು. ಅದರ ಹೆಸರು ಎಪಾಕ್ಸಿ ರೆಸಿನ್.

ಎಪಾಕ್ಸಿ ಅಂದರೆ ಏನು?

ನಿಮಗೆ ಇದು ಹೊಸದಲ್ಲ. ಸೋರುವ ನಲ್ಲಿಗೆ, ತೂತಾದ ಡ್ರಮ್ಮಿಗೆ ಎಂ-ಸೀಲ್ ಹಚ್ಚುತ್ತೀರಿ, ಅಲ್ಲವೇ? ಪೊಟ್ಟಣದಲ್ಲಿ ಎರಡು ಬಣ್ಣದ ಎರಡು ತುಂಡು ಇರುತ್ತವೆ. ಎರಡನ್ನೂ ಸೇರಿಸಿ ಚಪಾತಿ ಹಿಟ್ಟಿನ ಹಾಗೆ ನಾದುತ್ತೀರಿ. ಹಚ್ಚಿ ಬಿಟ್ಟರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಅದೂ ಎಪಾಕ್ಸಿಯೇ. ಎರಡು ಟ್ಯೂಬಿನಲ್ಲಿ ಬರುವ ಅರಾಲ್ಡೈಟ್ ಅಂಟು ಕೂಡ ಎಪಾಕ್ಸಿಯೇ.

ಮೇಜಿಗೆ ಸುರಿಯುವುದು ಇದೇ ಜಾತಿಯದು. ಆದರೆ ಜೇನುತುಪ್ಪದ ಹಾಗೆ ತೆಳ್ಳಗೆ, ನೀರಿನ ಹಾಗೆ ತಿಳಿಯಾಗಿ ಇರುತ್ತದೆ. ಇದೂ ಎರಡು ಬಾಟಲಿಯಲ್ಲಿ ಬರುತ್ತದೆ. ಒಂದು ರೆಸಿನ್. ಇನ್ನೊಂದು ಹಾರ್ಡನರ್, ಅಂದರೆ ಗಟ್ಟಿ ಮಾಡುವ ದ್ರವ.

ಇದನ್ನು ಕಂಡುಹಿಡಿದವರಲ್ಲಿ ಒಬ್ಬರು ಸ್ವಿಟ್ಜರ್‌ಲೆಂಡ್ ದೇಶದ ಪಿಯರ್ ಕಸ್ತಾನ್. ಕಾಲ 1930ರ ದಶಕ. ಹಲ್ಲು ಕಟ್ಟುವ ಕೆಲಸಕ್ಕೆ ಒಳ್ಳೆಯ ಸಾಮಾನು ಬೇಕಿತ್ತು. ಅದನ್ನು ಹುಡುಕುವಾಗ ಅವರಿಗೆ ಇದು ಸಿಕ್ಕಿತು. ಈಗ ದೋಣಿಗೆ, ನೆಲಕ್ಕೆ, ಮರದ ಸಾಮಾನಿಗೆ ಎಲ್ಲಕ್ಕೂ ಬಳಸುತ್ತಾರೆ.

ಬಣ್ಣ ಒಣಗುವುದಕ್ಕೂ ಎಪಾಕ್ಸಿ ಗಟ್ಟಿಯಾಗುವುದಕ್ಕೂ ವ್ಯತ್ಯಾಸ ಇದೆ. ಬಾಗಿಲಿಗೆ ಬಳಿಯುವ ಬಣ್ಣದಲ್ಲಿ ತಿನ್ನರ್ ಇರುತ್ತದೆ. ಅದು ಗಾಳಿಗೆ ಆರಿಹೋಗುತ್ತದೆ. ಬಣ್ಣ ಒಣಗುತ್ತದೆ. ಎಪಾಕ್ಸಿಯಲ್ಲಿ ಹೀಗೆ ಆರಿಹೋಗಲಿ ಅಂತ ಕಾಯುವುದು ಏನೂ ಇಲ್ಲ. ರೆಸಿನ್ ಮತ್ತು ಹಾರ್ಡನರ್ ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗುತ್ತವೆ. ಹಾಗೆ ಬೆಸೆಯುವಾಗ ಬಿಸಿಯೂ ಹುಟ್ಟುತ್ತದೆ.

ನಾವು ಮಾಡಿದ ತಪ್ಪು

ಎರಡು ಬಾಟಲಿ ತಂದೆವು. ಒಂದು ದೊಡ್ಡದು, ಒಂದು ಸಣ್ಣದು. ನಮಗೋ ಆತುರ. ಮೇಜನ್ನು ಅಷ್ಟಿಷ್ಟು ಉಜ್ಜಿದೆವು. ದೊಡ್ಡ ಬಾಟಲಿಯನ್ನು ಬಕೆಟ್ಟಿಗೆ ಸುರಿದೆವು. ಸಣ್ಣ ಬಾಟಲಿಯಿಂದ ಸ್ವಲ್ಪವೇ ಹಾಕಿದೆವು. "ಹಾಲಿಗೆ ಹೆಪ್ಪು ಎಷ್ಟು ಬೇಕು? ಒಂದು ಚಮಚ ಸಾಕು. ಇದೂ ಹಾಗೇ ಇರಬೇಕು" ಅಂದುಕೊಂಡೆವು. ಕಡ್ಡಿಯಲ್ಲಿ ನಾಲ್ಕು ಸುತ್ತು ತಿರುಗಿಸಿ ಮೇಜಿಗೆ ಸುರಿದೆವು.

ಒಂದು ದಿನ ಆಯಿತು. ಅಂಟು ಅಂಟು. ಮೂರು ದಿನ ಆಯಿತು. ಆಗಲೂ ಅಂಟು. ಸೊಳ್ಳೆ, ನೊಣ ಬಂದು ಕೂತವು, ಏಳಲಿಲ್ಲ. ಒಂದು ವಾರ ಕಾದರೂ ಅದು ಪಾಕ ಕೆಟ್ಟ ಬೆಲ್ಲದ ಹಾಗೇ ಇತ್ತು. ಮೇಜು ಮೊದಲಿಗಿಂತ ಹಾಳಾಯಿತು. ತಂದ ಸಾಮಾನೂ ಮುಗಿಯಿತು. ಅಕ್ಕನ ಮುಖ ನೋಡಲು ನಮಗೆ ನಾಚಿಕೆಯಾಯಿತು.

ಆಗ ಅಕ್ಕ ಖಾಲಿ ಬಾಟಲಿ ತಿರುಗಿಸಿ ನೋಡಿದರು. ಚೀಟಿಯ ತುಂಬ ಇಂಗ್ಲಿಷ್ ಅಕ್ಷರ. ಅವರಿಗೆ ಅದು ಬರುವುದಿಲ್ಲ. ಆದರೆ ಅಂಕಿ ಬರುತ್ತದೆ. ಒಂದು ಕಡೆ ಬೆರಳಿಟ್ಟು ಕೇಳಿದರು.

"ಇಲ್ಲಿ ಎರಡು, ಎರಡು ಚುಕ್ಕಿ, ಆಮೇಲೆ ಒಂದು ಅಂತ ಬರೆದೈತಲ್ಲ, ಇದೇನು ಟೀಚರ್?"

ನಾವು ನೋಡಿದೆವು. 2:1 ಅಂತ ಇತ್ತು. ಎರಡು ಪಾಲು ರೆಸಿನ್‌ಗೆ ಒಂದು ಪಾಲು ಹಾರ್ಡನರ್ ಅಂತ ಅದರ ಅರ್ಥ. ಇಂಗ್ಲಿಷ್ ಬರುವ ನಾವೇ ಅದನ್ನು ಓದಿರಲಿಲ್ಲ. ಅಕ್ಕ ಓದಿದರು.

ಕೋಲಾಟದ ಲೆಕ್ಕ

ಅಳತೆ ತಪ್ಪಿದರೆ ಯಾಕೆ ಗಟ್ಟಿಯಾಗುವುದಿಲ್ಲ? ಕೋಲಾಟ ನೆನಪು ಮಾಡಿಕೊಳ್ಳಿ. ಕೋಲಾಟಕ್ಕೆ ಜೋಡಿ ಬೇಕು. ಈ ಸಾಲಿನಲ್ಲಿ 20 ಜನ, ಆ ಸಾಲಿನಲ್ಲಿ 12 ಜನ ನಿಂತರೆ ಏನಾಗುತ್ತದೆ? 8 ಜನಕ್ಕೆ ಜೋಡಿ ಇಲ್ಲ. ಕೋಲು ಹಿಡಿದು ಸುಮ್ಮನೆ ನಿಲ್ಲುತ್ತಾರೆ.

ಎಪಾಕ್ಸಿಯೂ ಹಾಗೇ. ರೆಸಿನ್ನಿನ ಒಂದೊಂದು ಕಣಕ್ಕೂ ಹಾರ್ಡನರಿನ ಕಣ ಜೋಡಿಯಾಗಬೇಕು. ಜೋಡಿ ಸಿಗದ ಕಣ ಎಷ್ಟು ದಿನ ಕಾದರೂ ದ್ರವವಾಗಿಯೇ ಉಳಿಯುತ್ತದೆ. ಅದೇ ಅಂಟು. ಹಾರ್ಡನರ್ ಕಡಿಮೆ ಆದರೂ ಕಷ್ಟ, ಹೆಚ್ಚಾದರೂ ಕಷ್ಟ. "ಬೇಗ ಗಟ್ಟಿಯಾಗಲಿ" ಅಂತ ಹೆಚ್ಚು ಹಾಕುವವರು ಇದ್ದಾರೆ. ಅದು ತಪ್ಪು. ಆಗ ಹಾರ್ಡನರಿನ ಕಣ ಜೋಡಿ ಇಲ್ಲದೆ ಉಳಿಯುತ್ತದೆ.

ಎಲ್ಲಾ ಕಂಪನಿಯದೂ 2:1 ಇರುವುದಿಲ್ಲ. ಕೆಲವು 1:1. ಕೆಲವು 3:1. ಕೆಲವರು ಅಳತೆಯಲ್ಲಿ ಹೇಳುತ್ತಾರೆ, ಅಂದರೆ ಮಿಲಿಲೀಟರಿನಲ್ಲಿ. ಕೆಲವರು ತೂಕದಲ್ಲಿ ಹೇಳುತ್ತಾರೆ, ಅಂದರೆ ಗ್ರಾಮಿನಲ್ಲಿ. ಎರಡೂ ಒಂದೇ ಅಲ್ಲ. ರೆಸಿನ್ ಭಾರ. ಹಾರ್ಡನರ್ ಅದಕ್ಕಿಂತ ಹಗುರ. ಆದ್ದರಿಂದ ಅಳತೆಯೋ ತೂಕವೋ ಅಂತ ಮೊದಲು ತಿಳಿದುಕೊಳ್ಳಿ. ಚೀಟಿ ಇಂಗ್ಲಿಷಿನಲ್ಲಿದ್ದರೆ ಅಂಗಡಿಯವರಿಂದಲೇ ಓದಿಸಿ. ನಿಮ್ಮ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ಸಾರಿಗೆ ಉಪ್ಪು ಕೈ ಅಂದಾಜಿನಲ್ಲಿ ಹಾಕಬಹುದು. ಇದಕ್ಕೆ ಕೈ ಅಂದಾಜು ನಡೆಯುವುದಿಲ್ಲ.

ಮೊದಲು ಇದನ್ನು ಯೋಚಿಸಿ

ಎಪಾಕ್ಸಿ ಎಲ್ಲದಕ್ಕೂ ಸರಿಯಲ್ಲ. ಮೇಜಿನ ಹಲಗೆ, ಬೆಂಚಿನ ಹಲಗೆ, ಸ್ಟೂಲಿನ ಮೇಲ್ಭಾಗ, ಹೀಗೆ ಚಪ್ಪಟೆ ಇರುವುದಕ್ಕೆ ಒಳ್ಳೆಯದು. ಕೆತ್ತನೆ ಇರುವ ಕುರ್ಚಿ, ಮಂಚದ ಕಾಲು ಇವಕ್ಕೆ ಸುರಿದರೆ ಇಳಿದುಹೋಗುತ್ತದೆ. ಅಂಥದಕ್ಕೆ ವಾರ್ನಿಶ್ ಅಥವಾ ಸ್ಪಿರಿಟ್ ಪಾಲಿಶ್ ಸಾಕು.

ಸ್ಪಿರಿಟ್ ಪಾಲಿಶ್ ಹಳೇ ಕಾಲದ್ದು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಮಾಡುತ್ತಾರೆ. ಮುತ್ತುಗ, ಎಲಚಿ ಮುಂತಾದ ಮರಗಳ ರೆಂಬೆಯ ಮೇಲೆ ಒಂದು ಸಣ್ಣ ಹುಳು ಅರಗು ಮಾಡುತ್ತದೆ. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಾಕುವುದೂ ಅರಗಿನಿಂದಲೇ. ಅರಗಿನ ಪಾಲಿಶ್ ಹಾಳಾದರೆ ಅದರ ಮೇಲೇ ಮತ್ತೆ ಹಚ್ಚಬಹುದು. ಆದರೆ ನೀರು, ಬಿಸಿ ತಾಗಿದರೆ ಬೇಗ ಬಿಳಿ ಕಲೆ ಬೀಳುತ್ತದೆ.

ಎಪಾಕ್ಸಿ ದಪ್ಪ, ಗಟ್ಟಿ. ನೀರಿಗೆ ಜಗ್ಗುವುದಿಲ್ಲ. ಬಿರುಕು ತುಂಬುತ್ತದೆ. ಆದರೆ ಬೇಡ ಅಂದರೆ ಕಿತ್ತು ತೆಗೆಯುವುದು ಬಹಳ ಕಷ್ಟ. ಸೂರ್ಯನ ಬಿಸಿಲಿಗೆ ಹಳದಿಯಾಗುತ್ತದೆ. ಹೊರಗಡೆ ಅಂಗಳದಲ್ಲಿ ಇಡುವ ಬೆಂಚಿಗೆ ಬೇಡ.

ಮರದಲ್ಲಿ ಸಣ್ಣ ತೂತು ಇದೆಯೇ? ಕೆಳಗೆ ಹಿಟ್ಟಿನ ಹಾಗೆ ಪುಡಿ ಬೀಳುತ್ತದೆಯೇ? ಹಾಗಿದ್ದರೆ ಒಳಗೆ ಮರ ಕೊರೆಯುವ ಹುಳು ಇದೆ. ಮೊದಲು ಅದಕ್ಕೆ ಔಷಧಿ ಆಗಬೇಕು. ಇಲ್ಲದಿದ್ದರೆ ಮೇಲೆ ಹೊಳಪು, ಒಳಗೆ ಟೊಳ್ಳು.

ಹಳೇ ಬಣ್ಣದಲ್ಲಿ ಸೀಸ

ನಿಮ್ಮ ಮೇಜಿಗೆ ಹಿಂದೆ ಬಣ್ಣ ಬಳಿದಿದ್ದರೆ ಈ ಮಾತು ಗಮನವಿಟ್ಟು ಓದಿ.

ಹಳೇ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಸೀಸ ವಿಷ. ಅದರ ಧೂಳು ಮಕ್ಕಳ ಹೊಟ್ಟೆಗೆ ಹೋದರೆ ಮಿದುಳಿನ ಬೆಳವಣಿಗೆಗೆ ತೊಂದರೆ. ಬಸುರಿಯರಿಗೂ ಹೊಟ್ಟೆಯಲ್ಲಿರುವ ಮಗುವಿಗೂ ತೊಂದರೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಇಷ್ಟೇ ಇರಬೇಕು ಅಂತ ನಮ್ಮ ದೇಶದಲ್ಲಿ 2016ರಲ್ಲಿ ನಿಯಮ ಬಂತು. ಹತ್ತು ಲಕ್ಷ ಪಾಲಿನಲ್ಲಿ 90 ಪಾಲಿಗಿಂತ ಹೆಚ್ಚು ಇರಬಾರದು. ಅದಕ್ಕಿಂತ ಹಿಂದೆ ಬಳಿದ ಬಣ್ಣವನ್ನು ಅನುಮಾನದಿಂದಲೇ ನೋಡಿ.

ಅಂಥ ಬಣ್ಣವನ್ನು ಒಣಗಿದ ಹಾಗೇ ಉಜ್ಜಬೇಡಿ. ನೀರು ಹಚ್ಚಿಕೊಂಡು ಉಜ್ಜಿ. ಆಗ ಧೂಳು ಏಳುವುದಿಲ್ಲ. ಬೆಂಕಿಯಿಂದ ಸುಟ್ಟು ತೆಗೆಯಬೇಡಿ. ಪೊರಕೆಯಿಂದ ಗುಡಿಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಕೆಲಸ ಮುಗಿದ ಮೇಲೆ ಕೈಕಾಲು ತೊಳೆದು, ಸೀರೆ ಬದಲಾಯಿಸಿ, ಆಮೇಲೆ ಮಗು ಎತ್ತಿಕೊಳ್ಳಿ. ಆ ಸೀರೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ.

ಅಕ್ಕನ ಮೇಜಿಗೆ ಬಣ್ಣ ಇರಲಿಲ್ಲ. ಹಳೇ ವಾರ್ನಿಶ್ ಮಾತ್ರ ಇತ್ತು. ಆದರೂ ಮೂಗಿಗೆ ಮಾಸ್ಕ್ ಹಾಕಿಕೊಂಡೇ ಉಜ್ಜಿದೆವು. ಮರದ ಧೂಳೂ ಎದೆಗೆ ಒಳ್ಳೆಯದಲ್ಲ.

ಮೈ ಕೈ ಜೋಪಾನ

ಮೊದಲ ಸಲ ಅಂಟು ಕೆರೆಯುವಾಗ ನಮ್ಮಲ್ಲಿ ಒಬ್ಬರು ಬರಿಗೈ ಹಾಕಿದರು. ಎರಡು ದಿನದಲ್ಲಿ ಕೈಯೆಲ್ಲ ಕೆಂಪಗೆ ಗಂಧೆ ಎದ್ದು ನವೆ ಶುರುವಾಯಿತು. ಡಾಕ್ಟರ ಹತ್ತಿರ ಹೋಗಬೇಕಾಯಿತು.

ಗಟ್ಟಿಯಾಗದ ಎಪಾಕ್ಸಿ ಚರ್ಮಕ್ಕೆ ತಾಗಿದರೆ ಕೆಲವರಿಗೆ ಹೀಗೆ ಅಲರ್ಜಿ ಆಗುತ್ತದೆ. ಒಮ್ಮೆ ಅಲರ್ಜಿ ಶುರುವಾದರೆ ಅದು ಸಾಮಾನ್ಯವಾಗಿ ಹೋಗುವುದಿಲ್ಲ. ಆಮೇಲೆ ಚೂರು ತಾಗಿದರೂ ಮತ್ತೆ ಏಳುತ್ತದೆ. ಆದ್ದರಿಂದ ಈ ಮಾತುಗಳನ್ನು ಮರೆಯಬೇಡಿ.

ಕೈಗೆ ನೈಟ್ರೈಲ್ ಕೈಗವಸು ಹಾಕಿ. ಕಣ್ಣಿಗೆ ಕನ್ನಡಕ ಹಾಕಿ. ತುಂಬು ತೋಳಿನ ಅಂಗಿ ಹಾಕಿ. ಸೆರಗು, ಜಡೆ ಬಿಗಿದು ಕಟ್ಟಿ.

ಗಾಳಿ ಆಡುವ ಕಡೆ ಕೆಲಸ ಮಾಡಿ. ಎಲ್ಲಾ ಕಿಟಕಿ ತೆರೆಯಿರಿ. ಅಡುಗೆಮನೆಯಲ್ಲಿ ಬೇಡ. ಉರಿಯುವ ಒಲೆ, ದೀಪ ಹತ್ತಿರ ಇರಬಾರದು.

ಚರ್ಮಕ್ಕೆ ತಾಗಿದರೆ ಕೂಡಲೇ ಸೋಪು ನೀರಿನಿಂದ ತೊಳೆಯಿರಿ. ತಿನ್ನರಿನಿಂದ ಕೈ ತೊಳೆಯಬೇಡಿ. ತಿನ್ನರ್ ಅದನ್ನು ಚರ್ಮದ ಒಳಕ್ಕೆ ಇಳಿಸುತ್ತದೆ. ಕಣ್ಣಿಗೆ ಬಿದ್ದರೆ 15 ನಿಮಿಷ ಶುದ್ಧ ನೀರು ಬಿಟ್ಟು ತೊಳೆಯಿರಿ. ಆಮೇಲೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.

ಬಸುರಿಯರು ಈ ಕೆಲಸಕ್ಕೆ ಕೈ ಹಾಕುವುದು ಬೇಡ. ಮಕ್ಕಳನ್ನು ಹತ್ತಿರ ಬಿಡಬೇಡಿ. ಅಡುಗೆಯ ಲೋಟ, ಚಮಚ ಇದಕ್ಕೆ ಬಳಸಬೇಡಿ. ಬಳಸಿದರೆ ಮತ್ತೆ ಅಡುಗೆಗೆ ತರಬೇಡಿ.

ಮೇಜನ್ನು ಸಿದ್ಧ ಮಾಡುವುದು

ಎರಡನೇ ಸಲ ನಾವು ಆತುರ ಪಡಲಿಲ್ಲ. ಮೊದಲು ಆ ಅಂಟನ್ನೆಲ್ಲ ಕೆರೆದು ತೆಗೆದೆವು. ಅದಕ್ಕೇ ನಾಲ್ಕು ದಿನ ಹಿಡಿಯಿತು. ಆಮೇಲೆ ಉಪ್ಪುಕಾಗದ ಹಿಡಿದೆವು.

ಉಪ್ಪುಕಾಗದದ ಬೆನ್ನಿನ ಮೇಲೆ ಅಂಕಿ ಇರುತ್ತದೆ. 80, 120, 220 ಹೀಗೆ. ಅಂಕಿ ಸಣ್ಣದಾದರೆ ಕಾಗದ ಒರಟು. ಅಂಕಿ ದೊಡ್ಡದಾದರೆ ಕಾಗದ ನಯ. ಮೊದಲು 80ರಲ್ಲಿ ಉಜ್ಜಿ. ಆಮೇಲೆ 120. ಕೊನೆಗೆ 220. ಯಾವಾಗಲೂ ಮರದ ಎಳೆ ಹೋದ ಕಡೆಗೇ ಉಜ್ಜಬೇಕು. ಅಡ್ಡ ಉಜ್ಜಿದರೆ ಗೀರು ಬೀಳುತ್ತದೆ. ಎಪಾಕ್ಸಿ ಕನ್ನಡಿಯ ಹಾಗೆ. ಗೀರನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಉಜ್ಜುತ್ತಾ ಹೋದ ಹಾಗೆ ಕಪ್ಪು ಹೋಯಿತು. ಹಲಸಿನ ಮರದ ಹಳದಿ ಹೊಳಪು ಕಂಡಿತು. ಮೇಜನ್ನು ಮಗುಚಿ ಹಾಕಿದಾಗ ಇನ್ನೊಂದು ಕಂಡಿತು. ಹಲಗೆಯ ತಳದಲ್ಲಿ ಉಳಿಯಿಂದ ಕೊರೆದ ಸಣ್ಣ ಗೆರೆಗಳು. ಮೂಲೆ ಮೂಲೆಗೂ ಇದ್ದವು. "ನಮ್ಮಪ್ಪನ ಗುರುತು" ಅಂದರು ಅಕ್ಕ. ಅದರ ಮೇಲೆ ಉಪ್ಪುಕಾಗದ ಆಡಿಸಲು ಬಿಡಲಿಲ್ಲ.

ಧೂಳನ್ನು ಪೂರ್ತಿ ತೆಗೆಯಿರಿ. ಮರಕ್ಕೆ ಎಣ್ಣೆ ಒರೆಸುವ ರೂಢಿ ಇದ್ದರೆ ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸಿ ಆರಲು ಬಿಡಿ. ಎಣ್ಣೆ ಇರುವ ಕಡೆ ಎಪಾಕ್ಸಿ ಹಿಡಿಯುವುದಿಲ್ಲ. ಮರ ಒದ್ದೆ ಇರಬಾರದು. ಮಳೆಗಾಲದ ಥಂಡಿಯಲ್ಲಿ ಈ ಕೆಲಸ ಬೇಡ. ತೇವ ಇದ್ದರೆ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತದೆ.

ಬಿರುಕು ಇದ್ದರೆ ಹೀಗೆ ಮಾಡಿ. ಸ್ವಲ್ಪ ಎಪಾಕ್ಸಿ ಕಲಸಿ. ಅದಕ್ಕೆ ನಯವಾದ ಮರದ ಪುಡಿ ಸೇರಿಸಿ. ಚಟ್ನಿಯ ಹದಕ್ಕೆ ಬಂದಾಗ ಬಿರುಕಿಗೆ ಮೆತ್ತಿ. ಗಟ್ಟಿಯಾದ ಮೇಲೆ ಉಜ್ಜಿ ಸಮ ಮಾಡಿ. ಉಜ್ಜಿದ ಪುಡಿಯನ್ನೇ ಎತ್ತಿಟ್ಟುಕೊಂಡರೆ ಬಣ್ಣ ಹೊಂದುತ್ತದೆ.

ಎಷ್ಟು ಬೇಕು? ಲೆಕ್ಕ ಮಾಡೋಣ

ಅಕ್ಕನ ಮೇಜಿನ ಉದ್ದ 120 ಸೆಂಟಿಮೀಟರ್. ಅಗಲ 60 ಸೆಂಟಿಮೀಟರ್. ಟೇಪು ಹಿಡಿದು ಅಕ್ಕನೇ ಅಳೆದರು. ಅದು ಅವರ ದಿನನಿತ್ಯದ ಕೆಲಸ.

ಉದ್ದವನ್ನು ಅಗಲದಿಂದ ಗುಣಿಸಿ. 120 × 60 = 7200 ಚದರ ಸೆಂಟಿಮೀಟರ್.

ನಮಗೆ 1 ಮಿಲಿಮೀಟರ್ ದಪ್ಪದ ಪದರ ಬೇಕು. ಹತ್ತು ಮಿಲಿಮೀಟರ್ ಸೇರಿದರೆ ಒಂದು ಸೆಂಟಿಮೀಟರ್. ಆದ್ದರಿಂದ 7200ನ್ನು 10ರಿಂದ ಭಾಗಿಸಿ. 720 ಬಂತು. ಅಂದರೆ 720 ಮಿಲಿಲೀಟರ್ ಬೇಕು. 2 ಮಿಲಿಮೀಟರ್ ದಪ್ಪ ಬೇಕಾದರೆ ಎರಡರಷ್ಟು.

ಈಗ 2:1ರ ಪ್ರಕಾರ ಪಾಲು ಮಾಡೋಣ. ಎರಡು ಪಾಲು, ಒಂದು ಪಾಲು, ಒಟ್ಟು ಮೂರು ಪಾಲು. 720ನ್ನು 3ರಿಂದ ಭಾಗಿಸಿದರೆ 240. ರೆಸಿನ್ ಎರಡು ಪಾಲು, 480 ಮಿಲಿಲೀಟರ್. ಹಾರ್ಡನರ್ ಒಂದು ಪಾಲು, 240 ಮಿಲಿಲೀಟರ್.

ಅದಕ್ಕೂ ಮೊದಲು ಒಂದು ತೆಳು ಪದರ ಬಳಿಯಬೇಕು. ಅದಕ್ಕೆ 150 ಮಿಲಿಲೀಟರ್ ಸಾಕು. ಅದರಲ್ಲಿ ರೆಸಿನ್ 100, ಹಾರ್ಡನರ್ 50. ಎಲ್ಲಾ ಸೇರಿ 870 ಮಿಲಿಲೀಟರ್. ಬಿರುಕಿಗೆ, ಪಾತ್ರೆಗೆ ಅಂಟಿ ಉಳಿಯುವುದಕ್ಕೆ ಸ್ವಲ್ಪ ಬೇಕು. ಆದ್ದರಿಂದ ಎರಡೂ ಬಾಟಲಿ ಸೇರಿ ಒಂದು ಲೀಟರ್ ಬರುವ ಜೊತೆ ತಂದೆವು.

ಅಂಗಡಿಯಲ್ಲಿ "ಮೇಜಿನ ಮೇಲೆ ಹಾಕೋ ಕೋಟಿಂಗ್ ರೆಸಿನ್ ಕೊಡಿ" ಅಂತ ಕೇಳಿ. ಅಚ್ಚಿಗೆ ದಪ್ಪವಾಗಿ ಸುರಿಯುವ ರೆಸಿನ್ ಬೇರೆ ಇದೆ. ಅದು ಬೇಡ. ಎಷ್ಟು ದಪ್ಪ ಸುರಿಯಬಹುದು ಅಂತಲೂ ಚೀಟಿಯಲ್ಲಿ ಬರೆದಿರುತ್ತದೆ. ಬೆಲೆ ಕೇಳಿ. ಹೊಸ ಮೇಜಿನ ಬೆಲೆಯ ಪಕ್ಕದಲ್ಲಿ ಬರೆದು ನೋಡಿ. ಆಮೇಲೆ ದುಡ್ಡು ಕೊಡಿ.

ಕಲಸುವುದು, ಸುರಿಯುವುದು

ಮೇಜನ್ನು ಮನೆಯ ಒಳಗೆ, ನೆರಳಿನಲ್ಲಿ ಇಡಿ. ಮೇಜು ಮಟ್ಟವಾಗಿರಬೇಕು. ಗಾರೆ ಕೆಲಸದವರ ಹತ್ತಿರ ರಸಮಟ್ಟ ಇರುತ್ತದೆ. ಅದನ್ನು ಇಟ್ಟು ನೋಡಿ. ಒಂದು ಕಾಲು ತಗ್ಗಿದ್ದರೆ ಚಕ್ಕೆ ಕೊಡಿ. ಇಲ್ಲದಿದ್ದರೆ ಎಪಾಕ್ಸಿ ಎಲ್ಲ ಒಂದೇ ಮೂಲೆಗೆ ಹರಿಯುತ್ತದೆ. ಅಂಚಿನ ಸುತ್ತ ಟೇಪು ಅಂಟಿಸಿ ಸಣ್ಣ ಬದು ಕಟ್ಟಿ. ಗದ್ದೆಗೆ ಬದು ಕಟ್ಟಿದ ಹಾಗೆ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ.

ಅಳತೆ ಗೆರೆ ಇರುವ ಪ್ಲಾಸ್ಟಿಕ್ ಲೋಟ ತೆಗೆದುಕೊಳ್ಳಿ. ರೆಸಿನ್ ಅಳೆಯಿರಿ. ಹಾರ್ಡನರ್ ಅಳೆಯಿರಿ. ಒಬ್ಬರು ಅಳೆಯಲಿ, ಇನ್ನೊಬ್ಬರು ಅಂಕಿ ಓದಲಿ. ಎರಡನ್ನೂ ಸೇರಿಸಿ ನಿಧಾನವಾಗಿ ಐದು ನಿಮಿಷ ಕಲಸಿ. ಜೋರಾಗಿ ಕಡೆಯಬೇಡಿ. ಕಡೆದರೆ ಗುಳ್ಳೆ ಏಳುತ್ತದೆ. ತಳವನ್ನೂ ಅಂಚನ್ನೂ ಕೆರೆದು ಕೆರೆದು ಕಲಸಿ. ಆಮೇಲೆ ಇನ್ನೊಂದು ಲೋಟಕ್ಕೆ ಸುರಿದು ಮತ್ತೆ ಕಲಸಿ. ಮೊದಲ ಲೋಟದ ಗೋಡೆಗೆ ಕಲಸದೆ ಉಳಿದದ್ದು ಅಂಟಿರುತ್ತದೆ. ಅದು ಮೇಜಿಗೆ ಬೀಳಬಾರದು.

ಮೊದಲು ತೆಳು ಪದರವನ್ನು ಬ್ರಷ್ಷಿನಲ್ಲಿ ಬಳಿಯಿರಿ. ಯಾಕೆ? ಮರದ ರಂಧ್ರಗಳಲ್ಲಿ ಗಾಳಿ ಇರುತ್ತದೆ. ಒಮ್ಮೆಗೇ ದಪ್ಪವಾಗಿ ಸುರಿದರೆ ಆ ಗಾಳಿ ಗುಳ್ಳೆಯಾಗಿ ಮೇಲೆ ಬಂದು ಅಲ್ಲೇ ನಿಲ್ಲುತ್ತದೆ. ತೆಳು ಪದರ ಆ ರಂಧ್ರಗಳನ್ನು ಮುಚ್ಚುತ್ತದೆ.

ಎರಡನೇ ಪದರ ಯಾವಾಗ ಸುರಿಯಬೇಕು? ಅದೂ ಚೀಟಿಯಲ್ಲಿ ಇರುತ್ತದೆ. ಪೂರ್ತಿ ಗಟ್ಟಿಯಾಗಿಬಿಟ್ಟರೆ 220ರ ಕಾಗದದಲ್ಲಿ ಒಮ್ಮೆ ತೆಳ್ಳಗೆ ಉಜ್ಜಿ, ಒರೆಸಿ, ಆಮೇಲೆ ಸುರಿಯಿರಿ. ಉಜ್ಜದೆ ಸುರಿದರೆ ಪದರ ಬಿಟ್ಟುಕೊಳ್ಳುತ್ತದೆ.

ದಪ್ಪ ಪದರಕ್ಕೆ ಕಲಸಿದ್ದನ್ನು ಲೋಟದಲ್ಲಿ ಬಿಟ್ಟು ಮಾತಾಡುತ್ತಾ ಕೂರಬೇಡಿ. ಲೋಟದಲ್ಲಿ ಒಟ್ಟಾಗಿ ಇದ್ದರೆ ಅದು ಬೇಗ ಬಿಸಿಯಾಗುತ್ತದೆ. ಹೊಗೆಯಾಡಿ ಲೋಟವೇ ಕರಗಬಹುದು. ಸೆಕೆ ಇರುವ ದಿನ ಇನ್ನೂ ಬೇಗ. ಕಲಸಿದ ಕೂಡಲೇ ಮೇಜಿಗೆ ಸುರಿದು, ಪ್ಲಾಸ್ಟಿಕ್ ಪಟ್ಟಿಯಿಂದ ಎಲ್ಲಾ ಕಡೆ ಹರಡಿ. ಆಮೇಲೆ ಅದು ತಾನಾಗಿ ಸಮವಾಗುತ್ತದೆ. ಗುಳ್ಳೆ ಕಂಡರೆ ಸೂಜಿಯಿಂದ ಚುಚ್ಚಿ.

ಹಗಲು ಹೊತ್ತಿನಲ್ಲೇ ಸುರಿಯಿರಿ. ರಾತ್ರಿ ದೀಪಕ್ಕೆ ಹುಳ ಬರುತ್ತವೆ. ಸುತ್ತ ನಾಲ್ಕು ಕೋಲು ನಿಲ್ಲಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿ. ಹಾಳೆ ಮೇಜಿಗೆ ತಾಗಬಾರದು. ಕೋಳಿ, ಬೆಕ್ಕು, ಮಕ್ಕಳು ಹತ್ತಿರ ಸುಳಿಯಬಾರದು.

ಉಳಿದ ಎಪಾಕ್ಸಿಯನ್ನು ಚರಂಡಿಗೆ ಸುರಿಯಬೇಡಿ. ಲೋಟದಲ್ಲಿ ಸ್ವಲ್ಪ ಉಳಿದಿದ್ದರೆ ಹೊರಗೆ ಇಟ್ಟು ಗಟ್ಟಿಯಾಗಲು ಬಿಡಿ. ಆಮೇಲೆ ಒಣ ಕಸಕ್ಕೆ ಹಾಕಿ.

ಆಮೇಲೆ?

ಮಾರನೇ ದಿನ ಬೆಳಗ್ಗೆ ನಾವೆಲ್ಲ ಹೋದೆವು. ಯಾರಿಗೂ ಮುಟ್ಟಲು ಧೈರ್ಯ ಇಲ್ಲ. ಅಕ್ಕನೇ ಅಂಚಿನಲ್ಲಿ ಬೆರಳಿಟ್ಟು ನೋಡಿದರು. ಬೆರಳು ಅಂಟಲಿಲ್ಲ. ಬೆರಳ ಗುರುತೂ ಬೀಳಲಿಲ್ಲ.

ಮುಟ್ಟಲು ಗಟ್ಟಿಯಾದರೂ ಒಳಗೆ ಇನ್ನೂ ಕೆಲಸ ನಡೆಯುತ್ತಿರುತ್ತದೆ. ಪೂರ್ತಿ ಗಟ್ಟಿಯಾಗಲು ಸುಮಾರು ಏಳು ದಿನ ಬೇಕು. ಅಲ್ಲಿಯವರೆಗೆ ಭಾರ ಇಡಬಾರದು.

ಇನ್ನೊಂದು ಮಾತು. ಗಟ್ಟಿಯಾದ ಮೇಲೂ ಇದರ ಮೇಲೆ ಬಿಸಿ ಪಾತ್ರೆ ಇಡಬೇಡಿ. ಬಹಳ ಎಪಾಕ್ಸಿಗಳು 50, 60 ಡಿಗ್ರಿ ಬಿಸಿಗೇ ಮೆತ್ತಗಾಗುತ್ತವೆ. ಒಲೆಯಿಂದ ಇಳಿಸಿದ ಪಾತ್ರೆ ಅದಕ್ಕಿಂತ ಬಹಳ ಬಿಸಿ. ಕೆಳಗೆ ಒಂದು ಹಲಗೆ ಇಟ್ಟು ಇಡಿ. ಬಿಸಿ ಇಸ್ತ್ರಿ ಪೆಟ್ಟಿಗೆಯೂ ಬೇಡ. ತರಕಾರಿಯನ್ನು ಇದರ ಮೇಲೇ ಹೆಚ್ಚಬೇಡಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಹೊಳಪು ಇರುತ್ತದೆ.

ಈಗ ಅಕ್ಕ ಆ ಮೇಜಿನ ಮೇಲೆ ರೇಷ್ಮೆ ಬಟ್ಟೆ ಹಾಸಿ ಕತ್ತರಿಸುತ್ತಾರೆ. ಒಂದು ಎಳೆಯೂ ಸಿಕ್ಕುವುದಿಲ್ಲ. ಮಗ ಪ್ಲಾಸ್ಟಿಕ್ ಟೇಬಲಿನ ಮಾತು ಎತ್ತುವುದಿಲ್ಲ.

ಒಂದು ದಿನ ನಾವು ಆ ತಳದ ಗೆರೆಗಳ ವಿಷಯ ಕೇಳಿದೆವು. ಅಕ್ಕ ಹೇಳಿದರು.

"ನಮ್ಮಪ್ಪನಿಗೆ ಓದಕ್ಕೆ ಬರ್ತಿರಲಿಲ್ಲ ಟೀಚರ್. ಯಾವ ಕಾಲು ಯಾವ ಮೂಲೆಗೆ ಅಂತ ಗೆರೆ ಕೊರೀತಿದ್ದ. ಒಂದು ಗೆರೆ ಕಾಲು ಒಂದು ಗೆರೆ ಮೂಲೆಗೆ. ಎರಡು ಗೆರೆ ಕಾಲು ಎರಡು ಗೆರೆ ಮೂಲೆಗೆ. ಗುರುತು ಹಾಕದೆ ಉಳಿ ಮುಟ್ಟಿದ್ದು ನಾ ಕಾಣೆ."

ನಾವು ಮೊದಲ ಸಲ ಮರೆತದ್ದು ಅದನ್ನೇ.

ಯೋಚಿಸಿ, ಉತ್ತರ ಹೇಳಿ

1. ಮೊದಲ ಸಲ ಎಪಾಕ್ಸಿ ಯಾಕೆ ಗಟ್ಟಿಯಾಗಲಿಲ್ಲ?

2. ಉಪ್ಪುಕಾಗದದಲ್ಲಿ 80 ಒರಟೋ, 220 ಒರಟೋ?

3. ಹಳೇ ಬಣ್ಣವನ್ನು ಯಾಕೆ ಒಣಗಿದ ಹಾಗೇ ಉಜ್ಜಬಾರದು?

4. ನಿಮ್ಮ ಮೇಜಿನ ಉದ್ದ 100 ಸೆಂಟಿಮೀಟರ್, ಅಗಲ 60 ಸೆಂಟಿಮೀಟರ್. 1 ಮಿಲಿಮೀಟರ್ ದಪ್ಪಕ್ಕೆ ಒಟ್ಟು ಎಷ್ಟು ಎಪಾಕ್ಸಿ ಬೇಕು? 2:1 ಆದರೆ ರೆಸಿನ್ ಎಷ್ಟು? ಹಾರ್ಡನರ್ ಎಷ್ಟು?

5. ಮನೆಯಲ್ಲಿರುವ ಒಂದು ಬಾಟಲಿ ಅಥವಾ ಪೊಟ್ಟಣ ತನ್ನಿ. ಅದರ ಚೀಟಿಯಲ್ಲಿ ಯಾವ ಯಾವ ಅಂಕಿಗಳಿವೆ? ಯಾವ ಅಂಕಿ ಏನು ಹೇಳುತ್ತದೆ? ಎಲ್ಲರೂ ಕೂತು ಮಾತಾಡಿ.